ದಿವಂಗತ ತರಂಗಿಣಿ ಗುಹ

ಶ್ಯಾಮ್‌ಪುಕುರ್, ಕಲ್ಕತ್ತ
೧೪ ಜನವರಿ ೧೮೮೩

ಶ್ರೀಚರಣೇಷು ಮೇಜದಾ,

ನನ್ನ ಕವಿತೆಗಳ ಕಟ್ಟು ನಿನ್ನೆಯ ಹಡಗಿನಲ್ಲಿ ಲಂಡನ್ನಿಗೆ ಹೊರಟಿತು. ನಲವತ್ತೊಂದು ಕವಿತೆ. ಮೇಣದ ಬಟ್ಟೆಯಲ್ಲಿ ಸುತ್ತಿ ನಾಲ್ಕೂ ಕಡೆ ಹೊಲಿದಿದ್ದೇನೆ. ಬಿಚ್ಚುವಾಗ ಮೆಲ್ಲಗೆ ಬಿಚ್ಚು. ಚಿಕ್ಕಂದಿನಲ್ಲಿ ನನ್ನ ಗಾಳಿಪಟಗಳನ್ನೆಲ್ಲ ಹರಿದ ಎರಡನೆಯಣ್ಣ ನೀನೇ, ನಿನ್ನ ಕೈಯ ನಾಜೂಕು ನನಗೆ ಗೊತ್ತು.

ಬ್ಯಾರಿಸ್ಟರ್ ಆಗಬೇಕಾದರೆ ಅಲ್ಲಿ ಕಾನೂನು ಓದಿದರೆ ಸಾಲದು, ಹಿರಿಯ ವಕೀಲರ ಜೊತೆ ಕೂತು ಇಂತಿಷ್ಟು ಊಟ ಮಾಡಲೇಬೇಕು ಎಂದು ಬರೆದಿದ್ದೆಯಲ್ಲ. ನಿನ್ನ ಅಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ನನ್ನ ಮಗ ಮೊದಲನೇ ದರ್ಜೇಲಿ ಪಾಸಾಗ್ತಾನೆ ಬಿಡು" ಎಂದರು ಮಾಶಿ. ನನ್ನ ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನಗಿಸುವವರು ಅಮ್ಮನ ಒಡಹುಟ್ಟಾದ ಅವರೊಬ್ಬರೇ.

ಈಗ ಗಂಭೀರವಾದ ಮಾತು. ಈ ಊರಿನ ಬಾಬುಗಳು ಐವತ್ತು ವರ್ಷದಿಂದ ಇಂಗ್ಲಿಷಿನಲ್ಲಿ ಪದ್ಯ ಹೊಸೆಯುತ್ತಿದ್ದಾರೆ. ಅಪ್ಪನ ಕಾಲೇಜಿನ ದಿನಗಳಲ್ಲಿ ಹುಡುಗ ಕದ್ದು ದನದ ಮಾಂಸ ತಿಂದು, ಬ್ರಾಂದಿ ಕುಡಿದು, ಒಂದು ಇಂಗ್ಲಿಷ್ ಪದ್ಯ ಬರೆದರೆ ಸುಧಾರಣೆ ಪೂರ್ತಿಯಾಯಿತು ಎಂದು ಲೆಕ್ಕವಂತೆ. ಅಪ್ಪನೂ ಆಗ ಒಂದು ಪುಸ್ತಕ ಅಚ್ಚು ಹಾಕಿಸಿದ್ದರು. ಉಳಿದ ಪ್ರತಿಗಳನ್ನು ಅಟ್ಟದ ಮೇಲೆ ಗೆದ್ದಲು ಓದಿ ಮುಗಿಸಿದೆ. ಅದರ ತುಂಬ ಬರೀ ಹಿಮ ಸುರಿಯುತ್ತದೆ, ಮೇಜದಾ. ಹೂಗ್ಲಿಯ ದಡದಲ್ಲಿ ಹುಟ್ಟಿ ಬೆಳೆದವರು, ಹಿಮ ಹೇಗಿರುತ್ತದೆಂದು ಯಾವ ಕಣ್ಣಲ್ಲಿ ಕಂಡರೋ! ಈಗಿನವರೂ ಅದನ್ನೇ ಬರೆಯುತ್ತಾರೆ. ನನ್ನ ಕವಿತೆಗಳಲ್ಲಿ ಇಲಿಷ್ ಮೀನು ಹೆಚ್ಚುವ ಈಳಿಗೆಯಿದೆ, ಪಾಚಿ ಕಟ್ಟಿದ ಕೊಳವಿದೆ.

ಆದರೆ ನನ್ನ ಜೀವವೆಲ್ಲ ಇರುವುದು ಕಾದಂಬರಿಯಲ್ಲಿ. ಹದಿಮೂರು ಅಧ್ಯಾಯ ಆಗಿದೆ. ಬಂಗಾಳಿಯಲ್ಲಿ ಬರಿಯೇ ಎನ್ನುತ್ತಾರೆ ಮಾಶಿ. ನನಗೆ ಜಗಳ ಬರುವುದು ಬಂಗಾಳಿಯಲ್ಲಿ, ಕಥೆ ಬರುವುದು ಅಪ್ಪ ಏಳನೆಯ ವಯಸ್ಸಿಗೆ ಕಲಿಸಿದ ಇಂಗ್ಲಿಷಿನಲ್ಲಿ. ಯಾಕೆಂದರೆ ನನಗೂ ಗೊತ್ತಿಲ್ಲ. ನಮ್ಮವರಲ್ಲಿ ಇಂಗ್ಲಿಷಿನಲ್ಲಿ ಕಾದಂಬರಿ ಬರೆದವರು ಬೆರಳೆಣಿಕೆ, ಹೆಂಗಸರಂತೂ ಇಲ್ಲವೆನ್ನುವಷ್ಟು. ಬರೀ ಕಾದಂಬರಿ ಕಳಿಸಿದರೆ ಯಾರೂ ಬಿಚ್ಚಿ ನೋಡುವುದಿಲ್ಲ. ಕವಿತೆಗಳು ಬಾಗಿಲು ತೆರೆಸಿದರೆ ಅದು ಹಿಂದಿನಿಂದ ಒಳಗೆ ಹೋಗಬಹುದು. ಅದಕ್ಕಾಗಿ ಕಳಿಸಿದ್ದೇನೆ. ಕೈಬಿಡಬೇಡ.

ಪ್ರಣತಾ,
ತರಂಗಿಣಿ


ಲಂಡನ್
೨ ಮಾರ್ಚ್ ೧೮೮೩

ಕಲ್ಯಾಣೀಯಾಸು ಬುಡಿ,

ಬುಡಿ, ಮುದುಕಿ ಎಂದು ಕರೆದರೆ ಚಿಕ್ಕಂದಿನಲ್ಲಿ ಕಚ್ಚುತ್ತಿದ್ದೆ. ಈಗ ಸಮುದ್ರದಾಚೆ ಇದ್ದೇನೆ, ಧೈರ್ಯವಾಗಿ ಕರೆಯುತ್ತೇನೆ. ಬುಡಿ, ನಿನ್ನ ಪುಸ್ತಕ ಅಚ್ಚಾಗುತ್ತದೆ!

ಪಿಲ್‌ಬೀಮ್ ಎಂಬ ಪ್ರಕಾಶಕ. ಮೊದಲ ಸಲ ಹೋದಾಗ "ನೇಟಿವರ ಪದ್ಯವೇ? ಅಲ್ಲಿಡಿ" ಎಂದು ಮೇಜಿನ ಖಾನೆಗೆ ತಳ್ಳಿದ. ಎರಡನೆಯ ಸಲ ಹೋದಾಗ ಕಟ್ಟು ಬಿಚ್ಚಿಯೇ ಇರಲಿಲ್ಲ. ಕಳೆದ ಮಂಗಳವಾರ ಮಾತಿನ ನಡುವೆ ನಿನ್ನ ವಿಷಯ ಬಂತು, ಅವನ ಮನಸ್ಸು ಕರಗಿತು. ಐದು ನಿಮಿಷದಲ್ಲಿ ಒಪ್ಪಿಕೊಂಡ. ಹೇಗೆ ಏನು ಎಂದು ಕೇಳಬೇಡ, ವ್ಯವಹಾರದ ಮಾತು ಪತ್ರದಲ್ಲಿ ಬರೆಯುವುದು ಕಷ್ಟ.

ಎರಡು ಕೆಲಸ ಮಾಡು. ನಿನ್ನದೊಂದು ಫೋಟೋ ಬೇಕು. ಹದಿನೆಂಟನೆಯ ವಯಸ್ಸಿನಲ್ಲಿ, ಟೈಫಾಯಿಡ್ ಬಿಟ್ಟ ಮೇಲೆ ತೆಗೆಸಿದ್ದರಲ್ಲ, ಅದನ್ನೇ ಕಳಿಸು. ಇನ್ನೊಂದು, ಪಿಲ್‌ಬೀಮನಿಗೆ ನೀನು ನೇರವಾಗಿ ಬರೆಯಬೇಡ. ಹೆಂಗಸರು ಪ್ರಕಾಶಕರಿಗೆ ಬರೆಯುವುದನ್ನು ಇಲ್ಲಿ ಒಳ್ಳೆಯದೆಂದು ಎಣಿಸುವುದಿಲ್ಲ. ಎಲ್ಲ ನನ್ನ ಮೂಲಕವೇ ಆಗಲಿ.

ಮಂಜು ಕವಿದು ಮೂರು ದಿನದಿಂದ ಸೂರ್ಯ ಕಂಡಿಲ್ಲ. ಅಮ್ಮ ಕರಿದ ಬದನೆಕಾಯಿ ನೆನಪಾಗಿ ನಿನ್ನೆ ಕಣ್ಣಲ್ಲಿ ನೀರು ಬಂತು. ಅವಳಿಗೆ ಹೇಳಬೇಡ.

ಆಶೀರ್ವಾದಗಳೊಂದಿಗೆ,
ಅಖಿಲ


ಕಲ್ಕತ್ತ
೩ ಏಪ್ರಿಲ್ ೧೮೮೩

ಶ್ರೀಚರಣೇಷು ಮೇಜದಾ,

ಅಪ್ಪ ನಿನ್ನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಓಣಿಯ ಮನೆ ಮನೆಗೂ ಹೋಗಿಬಂದರು. ಓಣಿಯವರ ಕಾಳಿನಾಥ ಮೇಷ್ಟ್ರಾಗಿದ್ದ ಅಪ್ಪ ಪಿಂಚಣಿ ಪಡೆದು ಮನೆಯಲ್ಲಿ ಕೂತ ಮೇಲೆ ಅವರನ್ನು ಯಾರೂ ಕೂರಿಸಿ ಮಾತಾಡಿಸುತ್ತಿರಲಿಲ್ಲ. ಈಗ ಎಲ್ಲರೂ ಕರೆದು ಸಂದೇಶ್ ಮಿಠಾಯಿ ತಿನ್ನಿಸುತ್ತಿದ್ದಾರೆ.

ಫೋಟೋ ಇದರ ಜೊತೆಗಿದೆ. ಅದನ್ನೇ ಕೇಳಿದ್ದು ಯಾಕೆಂದು ಗೊತ್ತಾಯಿತು. ನನ್ನ ಈಗಿನ ಗಾತ್ರ ಇಂಗ್ಲೆಂಡಿಗೆ ತೋರಿಸಲು ನಿನಗೆ ನಾಚಿಕೆ, ಅಲ್ಲವೇ? ಆಗ ಗಾಳಿ ಊದಿದರೆ ಹಾರಿಹೋಗುವಂತಿದ್ದೆ, ಈಗ ರಿಪೇರಿಯಾಗಿದ್ದೇನೆ. ಇರಲಿ, ಪುಸ್ತಕಕ್ಕೆ ತೆಳ್ಳಗಿನವಳೇ ಇರಲಿ.

ಸಾಹೇಬರ ಮನಸ್ಸು ಕರಗಿದ್ದು ಯಾವ ಪದ್ಯಕ್ಕೆ? ಕೊಳದ ಪದ್ಯಕ್ಕೇ ಇರಬೇಕು. ಅದನ್ನು ಎಂಟು ಸಲ ತಿದ್ದಿದ್ದೇನೆ. ಕೇಳಿ ತಿಳಿಸು. ಕಾದಂಬರಿ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಬಂತು. ಅದರ ಸುದ್ದಿಯನ್ನು ಅವರ ಕಿವಿಗೆ ಹಾಕಿದೆಯೋ?

ಪ್ರಣತಾ,
ತರಂಗಿಣಿ


ಲಂಡನ್
೨೨ ಜೂನ್ ೧೮೮೩

ಕಲ್ಯಾಣೀಯಾಸು ಬುಡಿ,

ಪುಸ್ತಕ ಬಂತು. ಎರಡು ಪ್ರತಿ ಹಡಗಿಗೆ ಹಾಕಿದ್ದೇನೆ. ಕಾಗದ ದಪ್ಪ, ಅಕ್ಷರ ದುಂಡಗೆ. ಮೊದಲು ಕವಿತೆಗಳನ್ನು ನೋಡು. ಮುನ್ನುಡಿಯನ್ನು ಆಮೇಲೆ ಓದಿದರೂ ಆಗುತ್ತದೆ, ಓದದಿದ್ದರೂ ಆಗುತ್ತದೆ. ನಮ್ಮ ಸೀಮೆಯಲ್ಲಿ ಮೂವತ್ತು ವರ್ಷ ಜಡ್ಜ್ ಆಗಿದ್ದ ಟ್ರಾಸ್ಕ್ ಎಂಬ ಮುದುಕ ಬರೆದದ್ದು. ನಮ್ಮವರ ಪುಸ್ತಕಕ್ಕೆ ಇಂಗ್ಲಿಷಿನವನೊಬ್ಬ ಮುಂದೆ ನಿಂತು ಜಾಮೀನು ಕೊಡುವುದು ಇಲ್ಲಿನ ಪದ್ಧತಿ. ಓದುಗರಿಗೆ ಏನು ರುಚಿಯೋ ಅದನ್ನು ಬಡಿಸುತ್ತಾರೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮುಂದಿನ ತಿಂಗಳು ಪರೀಕ್ಷೆ. ಸ್ವಲ್ಪ ದಿನ ಪತ್ರ ತಡವಾಗಬಹುದು.

ಅಖಿಲ


ಕಲ್ಕತ್ತ
೯ ಆಗಸ್ಟ್ ೧೮೮೩

ಮೇಜದಾ,

ಪುಸ್ತಕ ಬಂತು. ಹೊದಿಕೆಗೆ ಕಪ್ಪು ಅಂಚು. ಒಳಗೆ ನನ್ನ ಫೋಟೋ, ಅದರ ಸುತ್ತಲೂ ಕಪ್ಪು ಅಂಚು. ಶೋಕಿಯಿರಬೇಕೆಂದುಕೊಂಡೆ. ಪ್ಯಾಕೆಟ್ಟು ಬಿಚ್ಚಿದ್ದು ಅಪ್ಪ. ನಿಂತುಕೊಂಡೇ ಮುನ್ನುಡಿ ಓದಿದರು.

"ತರೂ," ಎಂದರು, "ಇದರಲ್ಲಿ ನೀನು ಸತ್ತುಹೋಗಿದ್ದೀಯಲ್ಲೇ."

ಕ್ಷಯದಿಂದ ಸತ್ತೆನಂತೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಪೂರ್ವದೇಶದ ಬಾಡಿದ ಮೊಗ್ಗಂತೆ ನಾನು. ಕಿಟಕಿಯ ಬಳಿ ಒರಗಿ, ಮುಳುಗುವ ಸೂರ್ಯನನ್ನೂ ಆಲದ ಮರವನ್ನೂ ನೋಡುತ್ತ, ಮಹಾರಾಣಿಯವರ ಭಾಷೆಯಲ್ಲಿ ಕೊನೆಯ ಸಾಲು ಉಸುರಿ ಕಣ್ಣು ಮುಚ್ಚಿದೆನಂತೆ. ನಮ್ಮ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಪಾಲ್ ಬಾಬುವಿನ ಕಕ್ಕಸು. ನನಗಿರುವ ಒಂದೇ ಕಾಯಿಲೆ ಅಜೀರ್ಣ, ಅದೂ ಈ ಪುಸ್ತಕ ಬಂದ ಮೇಲೆ.

ಕೇಳು, ಇನ್ನೂ ಇದೆ. 'ಈ ಎಳೆಯಳ ಭಾಷೆಯ ಮುದ್ದಾದ ತಪ್ಪುಗಳನ್ನು ತಿದ್ದಲು ನಮಗೆ ಮನಸ್ಸು ಬರಲಿಲ್ಲ' ಎಂದು ಬರೆದಿದ್ದಾನೆ ಮುದುಕ. ನಾನು ತಪ್ಪು ಮಾಡಿರಲಿಲ್ಲ. ನನ್ನ ಕರಡು ತೆಗೆದು ಸಾಲು ಸಾಲಾಗಿ ಹೋಲಿಸಿದೆ. ಆರು ಕಡೆ ಅವರೇ ತಪ್ಪು ಸೇರಿಸಿದ್ದಾರೆ! ಥೂ. ಕೊಳದ ಪದ್ಯವನ್ನು ಕಿತ್ತೇ ಹಾಕಿದ್ದಾರೆ. ಪಾಚಿ ಕಟ್ಟಿದ ಕೊಳಕ್ಕೆ ಕಪ್ಪು ಅಂಚು ಒಪ್ಪುವುದಿಲ್ಲವೇನೋ.

ಮುಟ್ಟಿದರೆ ಕೈ ತೊಳೆಯಬೇಕೆನಿಸುತ್ತದೆ. ಈ ಸುಳ್ಳು ಹೇಳಿದವರು ಯಾರು? ಆ ಪಿಲ್‌ಬೀಮನೋ, ಟ್ರಾಸ್ಕನೋ? ಅವರ ಮೇಲೆ ದಾವೆ ಹಾಕಬಹುದೋ? ನೀನು ಕಾನೂನು ಓದಿದವನು, ಹೇಳು. ಸತ್ತವಳ ಕಾದಂಬರಿಯನ್ನು ಯಾರು ಅಚ್ಚು ಹಾಕುತ್ತಾರೆ, ಮೇಜದಾ? ಇಪ್ಪತ್ತಾರನೆಯ ಅಧ್ಯಾಯ ಮೇಜಿನ ಮೇಲೆ ಅರ್ಧಕ್ಕೆ ಬಿದ್ದಿದೆ.

ತರಂಗಿಣಿ


ಲಂಡನ್
೧೪ ಸೆಪ್ಟೆಂಬರ್ ೧೮೮೩

ಬುಡಿ,

ದಾವೆ ಹಾಕಬೇಡ. ಹೇಳಿದವನು ನಾನು.

ಆ ಮಂಗಳವಾರ ಪಿಲ್‌ಬೀಮ್ ಕಟ್ಟನ್ನು ವಾಪಸು ಕೊಡುತ್ತಿದ್ದ. "ಬದುಕಿರೋ ನೇಟಿವ್ ಬರೆದ್ರೆ ಜನ ಪೆನ್ಸಿಲ್ ಹಿಡ್ಕೊಂಡು ತಪ್ಪು ಹುಡುಕ್ತಾರೆ ಸ್ವಾಮಿ. ಇದೇ ಸತ್ತ ಹುಡುಗಿ ಆಗಿದ್ರೆ ಕರ್ಚೀಫು ಹಿಡ್ಕೊಂಡು ಓದ್ತಾರೆ. ನಿಮ್ಮ ತಂಗಿ ಆರೋಗ್ಯವಾಗಿದಾಳಾ?" ಎಂದು ಕೇಳಿದ. ತಮಾಷೆಗೆ ಕೇಳಿದ್ದು. ನಾನು ಏನೂ ಹೇಳದೆ ತಲೆ ತಗ್ಗಿಸಿದೆ, ಅಷ್ಟೇ. ಅವನು ಟೋಪಿ ತೆಗೆದು ನನ್ನ ಕೈ ಹಿಡಿದ. ಆ ಮೇಲೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಯಾವಾಗ, ಏನಾಗಿತ್ತು ಎಂದು ಕೇಳುತ್ತ ಹೋದ, ನಾನು ಹೇಳುತ್ತ ಹೋದೆ. ಆಲದ ಮರ ಟ್ರಾಸ್ಕ್ ಸೇರಿಸಿದ್ದು, ದೇವರಾಣೆ.

ಆದರೆ ನೋಡು, ನಾಲ್ಕು ಪತ್ರಿಕೆಗಳು ಹೊಗಳಿವೆ. ಎರಡನೆಯ ಮುದ್ರಣಕ್ಕೆ ಹೋಗಿದೆ. ನಿನ್ನಪ್ಪ ಹಿಮದ ಪದ್ಯ ಬರೆದು ಗೆದ್ದಲಿಗೆ ಹಾಕಿದರು. ನಿನ್ನನ್ನು ಇಲ್ಲಿ ಹೆಂಗಸರು ಹಾಸಿಗೆಯ ಪಕ್ಕ ಇಟ್ಟುಕೊಂಡು ಓದುತ್ತಿದ್ದಾರೆ. ಇದು ಸಣ್ಣ ಮಾತೇ?

ನವೆಂಬರಿನಲ್ಲಿ ನನ್ನನ್ನು ಬ್ಯಾರಿಸ್ಟರ್ ಎಂದು ಕರೆಯುತ್ತಾರೆ. ಸಭ್ಯ ಗೃಹಸ್ಥ ಎಂದು ಇಬ್ಬರು ಹಿರಿಯರು ನನ್ನ ನಡತೆಗೆ ಸಾಕ್ಷಿ ಹೇಳಬೇಕು. ಅವರಲ್ಲೊಬ್ಬ ಟ್ರಾಸ್ಕ್. ಈಗ ಇದು ಹೊರಬಿದ್ದರೆ ನಾಲ್ಕು ವರ್ಷ ನೀರಿಗೆ ಹೋಗುತ್ತದೆ. ನಿನ್ನ ಕಾಲು ಹಿಡಿದು ಕೇಳುತ್ತೇನೆ, ಅಲ್ಲಿಯವರೆಗೆ ಸುಮ್ಮನಿರು.

ಕಾದಂಬರಿಗೂ ದಾರಿ ಮಾಡಿದ್ದೇನೆ. ಸತ್ತವಳ ಪೆಟ್ಟಿಗೆಯಲ್ಲಿ ಸಿಕ್ಕಿತು ಎಂದರೆ ಪಿಲ್‌ಬೀಮ್ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾನೆ. ಒಂದೇ ಷರತ್ತು: ಕೊನೆಯ ಮೂರು ಅಧ್ಯಾಯ ಇರಬಾರದು. ವಾಕ್ಯದ ನಡುವೆಯೇ ನಿಂತುಹೋದರೆ ಇನ್ನೂ ಒಳ್ಳೆಯದಂತೆ, 'ಇಲ್ಲಿಗೆ ಅವಳ ಕೈಯಿಂದ ಲೇಖನಿ ಜಾರಿತು' ಎಂದು ಕೆಳಗೆ ಅಚ್ಚು ಹಾಕಬಹುದಂತೆ. ಯೋಚನೆ ಮಾಡು.

ಅಖಿಲ


ಕಲ್ಕತ್ತ
೪ ನವೆಂಬರ್ ೧೮೮೩

ಅಖಿಲದಾ,

ನಿನ್ನ ಪತ್ರ ಓದಿದ ದಿನ ನಿಜವಾಗಿಯೂ ವಾಂತಿ ಮಾಡಿಕೊಂಡೆ. ಮಾಶಿ ಓಡಿಬಂದು ಬೆನ್ನು ಸವರಿದರು. ಅವರಿಗೆ ಎಲ್ಲ ಹೇಳಿದೆ. "ಸತ್ತೋದ್ರು ಅಂತ ಸುಳ್ಳು ಸುದ್ದಿ ಹಬ್ಬಿದ್ರೆ ಆಯಸ್ಸು ಹೆಚ್ಚುತ್ತಂತೆ ಕಣೇ" ಎಂದು ನಗಲು ನೋಡಿದರು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು. ಎರಡು ದಿನ ನಿನ್ನ ಹೆಸರು ಎತ್ತಲಿಲ್ಲ.

ಸುಮ್ಮನಿರು ಎಂದೆಯಲ್ಲ. ಆಯಿತು, ನಾನು ಸುಮ್ಮನಿದ್ದೆ. ಊರು ಸುಮ್ಮನಿರಬೇಕಲ್ಲ. ನಿನ್ನ ನಾಲ್ಕು ವಿಮರ್ಶೆಗಳನ್ನು ಇಲ್ಲಿನ ಇಂಗ್ಲಿಷ್ ಪತ್ರಿಕೆ ಮತ್ತೆ ಅಚ್ಚು ಹಾಕಿತು. ಬದುಕಿದ್ದಾಗ ನನ್ನ ಒಂದು ಪದ್ಯವನ್ನೂ ಹಾಕದ ಪತ್ರಿಕೆ ಅದು. ನಮ್ಮ ಜನಕ್ಕೆ ಒಬ್ಬರು ಸತ್ತರೆ ಸಾಕು, ಬೆಂಚು ಜೋಡಿಸಿ ಶೋಕಸಭೆ ಮಾಡುತ್ತಾರೆ. ಭವಾನೀಪುರದ ಸಾಹಿತ್ಯ ಮಂಡಳಿಯವರಿಂದ 'ಮೃತಳ ಪೂಜ್ಯ ತಂದೆ'ಗೆ ಆಹ್ವಾನ ಬಂತು. ಹೋಗಿ ಹೇಳಿಬಿಡೋಣ, ತಪ್ಪು ತಿಳುವಳಿಕೆ ಹೋಗಲಿ ಎಂದರು ಅಪ್ಪ. ಇಬ್ಬರೂ ಗಾಡಿ ಮಾಡಿಕೊಂಡು ಹೋದೆವು. ಅಲ್ಲಿ ನಮ್ಮ ಗುರುತಿನವರು ಒಬ್ಬರೂ ಇರಲಿಲ್ಲ.

ವೇದಿಕೆಯ ಮೇಲೆ ಆ ಬಾಡಿದ ಮೊಗ್ಗಿನ ಫೋಟೋಗೆ ರಜನೀಗಂಧದ ಹಾರ. ಅಧ್ಯಕ್ಷ ಗೌರಹರಿ ಸಾಂತ್ರಾ, ನಿವೃತ್ತ ಡೆಪ್ಯುಟಿ ಮ್ಯಾಜಿಸ್ಟ್ರೇಟ್, ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆಯಿಂದ ಓದುತ್ತಿದ್ದರು. ನನ್ನ ಕೊನೆಯ ಉಸಿರಿಗೆ ಬರುವ ಹೊತ್ತಿಗೆ ಅಪ್ಪ ಎದ್ದು ನಿಂತರು.

"ಅಧ್ಯಕ್ಷರೇ, ಕ್ಷಮಿಸಿ, ಒಂದು ಮಾತು. ನಮ್ಮ ಹುಡುಗಿ ಸತ್ತಿಲ್ಲ. ಇಲ್ಲೇ ಕೂತಿದಾಳೆ ನೋಡಿ."

ಸಾಂತ್ರಾ ಕನ್ನಡಕದ ಮೇಲಿಂದ ನೋಡಿದರು. "ಕಾಳಿನಾಥಬಾಬು, ಹೆತ್ತ ಕರುಳಿನ ಸಂಕಟ ನಮಗೂ ಅರ್ಥ ಆಗುತ್ತೆ. ಕೂತ್ಕೊಳ್ಳಿ. ಯಾರಾದ್ರೂ ಅವರಿಗೆ ನೀರು ಕೊಡ್ರಪ್ಪ."

ನಾನು ಎದ್ದೆ. "ತರಂಗಿಣಿ ಗುಹ ನಾನೇ. ಪುಸ್ತಕ ಬರೆದದ್ದೂ ನಾನೇ."

"ಸುಮ್ನಿರ್ರೀ, ಕವಯಿತ್ರಿ ಇಷ್ಟು ದಪ್ಪ ಇರ್ಲಿಲ್ಲ," ಎಂದ ಹಿಂದಿನ ಬೆಂಚಿನವನು, "ಫೋಟೋ ಕಾಣ್ಸಲ್ವಾ?"

"ಅಕ್ಕ ಇರ್ಬೇಕು, ಪಾಪ. ದುಃಖಕ್ಕೆ ತಲೆ ಕೆಟ್ಟಿದೆ" ಎಂದ ಇನ್ನೊಬ್ಬ.

"ಅಮ್ಮಾ, ಭಾಷಣ ಇನ್ನು ಆರೇ ಹಾಳೆ," ಎಂದರು ಸಾಂತ್ರಾ. ಗದರಿಸಲಿಲ್ಲ, ಬೇಡಿಕೊಂಡರು. "ಒಂದು ತಿಂಗಳಿಂದ ಕೂತು ಬರೆದಿದೀನಿ. ಇದು ಮುಗೀಲಿ, ಆಮೇಲೆ ನಿಮ್ಮ ವಿಷಯ ನೋಡೋಣ."

ನೋಡಲಿಲ್ಲ. ನನ್ನ ಹೆಸರಿನಲ್ಲಿ ಅಮೃತಶಿಲೆಯ ಫಲಕ ಹಾಕಬೇಕೆಂದು ನಿರ್ಣಯ ಮಂಡಿಸಿದರು, ಎಲ್ಲರೂ ಎದ್ದು ನಿಂತು ಒಪ್ಪಿದರು. ಅಪ್ಪ ಸುಸ್ತಾಗಿ ಬಾಗಿಲಿಗೆ ಹೊರಟಿದ್ದರು. ನಿಂತಿದ್ದಾರೆಂದು ಅವರನ್ನೂ ಎಣಿಸಿಕೊಂಡರು. ಅಪ್ಪ ಮನೆಗೆ ಬಂದು, "ನಿಮ್ಮಮ್ಮ ನಿಜವಾಗ್ಲೂ ಸತ್ತಾಗ ಯಾರೂ ಹೀಗೆ ಅಳ್ಲಿಲ್ಲ, ತರೂ" ಎಂದರು.

ಇನ್ನು ಸುಮ್ಮನಿರುವುದಿಲ್ಲ. ಪಿಲ್‌ಬೀಮನಿಗೆ ಇಂದಿನ ಟಪಾಲಿನಲ್ಲಿ ನಾನೇ ಬರೆದಿದ್ದೇನೆ. ಬದುಕಿದ್ದೇನೆ, ಕಾದಂಬರಿಗೆ ಮೂವತ್ತನಾಲ್ಕು ಅಧ್ಯಾಯ, ಒಂದೂ ಕಡಿಮೆ ಮಾಡುವುದಿಲ್ಲ, ಮುನ್ನುಡಿಯನ್ನು ಹರಿದು ಹಾಕಿ ಎಂದು. ನಿನ್ನ ಹೆಸರು ಎತ್ತಿಲ್ಲ. ಅವನು ನಿನ್ನನ್ನು ಕೇಳುತ್ತಾನೆ. ಆಗ ನಿಜ ಹೇಳು, ಅಷ್ಟು ಸಾಕು. ಅಷ್ಟರಲ್ಲಿ ನಿನ್ನ ನವೆಂಬರೂ ಮುಗಿದಿರುತ್ತದೆ.

ತರಂಗಿಣಿ


ಲಂಡನ್
೭ ಡಿಸೆಂಬರ್ ೧೮೮೩

ಬುಡಿ,

ನಾನು ಈಗ ಬ್ಯಾರಿಸ್ಟರ್. ಅಮ್ಮನಿಗೆ ತಿಳಿಸು.

ಪಿಲ್‌ಬೀಮ್ ಕರೆಸಿದ್ದ. ನಿನ್ನ ಪತ್ರ ಮೇಜಿನ ಮೇಲಿತ್ತು, ಟ್ರಾಸ್ಕ್ ಪಕ್ಕದಲ್ಲಿ ಕೂತಿದ್ದ. ಹೋಲಿಸಿ ನೋಡಲು ನಿನ್ನ ಕೈಬರಹ ಉಳಿದಿರಲಿಲ್ಲ, ಅಚ್ಚಿನ ಮೊಳೆ ಜೋಡಿಸುವವರು ಹರಿದು ಹಂಚಿಕೊಂಡು ಎಸೆದಿದ್ದರು. "ಅವಳನ್ನ ಬಲ್ಲೋರು ನೀವೊಬ್ರೇ. ಇದು ಅವಳ ಅಕ್ಷರವಾ?" ಎಂದು ಕೇಳಿದ. ಟ್ರಾಸ್ಕ್ ನನ್ನ ಮುಖವನ್ನೇ ನೋಡುತ್ತಿದ್ದ.

ಅಲ್ಲ ಎಂದೆ.

"ನಂಗೂ ಹಾಗೇ ಅನ್ನಿಸ್ತು. ಆ ಹುಡುಗಿ ಇಷ್ಟು ಒರಟಾಗಿ ಬರೆಯೋಳಲ್ಲ. ಕಲ್ಕತ್ತದ ಯಾವನೋ ಗುಮಾಸ್ತನ ಕೆಲಸ" ಎಂದು ಪತ್ರವನ್ನು ಬೆಂಕಿಗೆ ಹಾಕಿದ.

ನಾನು ಏನು ಮಾಡಬೇಕಿತ್ತು, ಹೇಳು? ಜನವರಿ ಕೊನೆಗೆ ಹೊರಡುತ್ತೇನೆ, ಮಾರ್ಚ್ ಮೊದಲ ವಾರ ಕಲ್ಕತ್ತ. ಎದುರು ಕೂತು ಎಲ್ಲ ಸರಿಮಾಡೋಣ. ಬೇರೆ ಹೆಸರಿನಲ್ಲಿ ಬರೆದರೆ ಆಗದೇ? ಒಳ್ಳೆಯ ಹೆಸರುಗಳು ಎಷ್ಟೋ ಇವೆ.

ಅಖಿಲ


ಕಲ್ಕತ್ತ
೮ ಜನವರಿ ೧೮೮೪

ಶ್ರೀಯುತ ಅಖಿಲಬಂಧು ರಾಹಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಒಳ್ಳೆಯ ಹೆಸರುಗಳು ಎಷ್ಟೋ ಇರಬಹುದು. ನನ್ನ ತಂದೆ ನನಗಿಟ್ಟಿದ್ದು ಇದೊಂದೇ.

ಪಿಲ್‌ಬೀಮನ ಸಹವಾಸ ಸಾಕು. ಕಾದಂಬರಿ ಮುಗಿದಿದೆ. ಕಾಲೇಜ್ ಬೀದಿಯ ಒಂದು ಸಣ್ಣ ಮುದ್ರಣಾಲಯದವರು ಒಪ್ಪಿದ್ದಾರೆ. ಮೂವತ್ತನಾಲ್ಕೂ ಅಧ್ಯಾಯ, ನನ್ನ ಹೆಸರು, ಮುನ್ನುಡಿ ಇಲ್ಲ. ಆದರೆ ಆ ಹೆಸರಿನವಳು ಸತ್ತಿದ್ದಾಳೆಂದು ಊರೆಲ್ಲ ನಂಬಿದೆ. ನನ್ನ ಮಾತನ್ನೂ ಅಪ್ಪನ ಮಾತನ್ನೂ ಯಾರೂ ಕೇಳುವುದಿಲ್ಲವೆಂದು ಭವಾನೀಪುರದಲ್ಲಿ ಕಂಡೆವು. ಲಂಡನ್ನಿನಿಂದ ಇಳಿದ ಬ್ಯಾರಿಸ್ಟರ್ ಹೇಳಿದರೆ ಕೇಳುತ್ತಾರೆ. ಇದು ಹೇಸಿಗೆಯ ಮಾತು, ಆದರೆ ಇರುವುದೇ ಹಾಗೆ.

ನಿಮ್ಮ ಹಡಗು ಬರುವ ದಿನ ಚಾಂದ್‌ಪಾಲ್ ಘಾಟಿನಲ್ಲಿ ನಾವು ಮೂವರೂ ಇರುತ್ತೇವೆ. ಪತ್ರಿಕೆಯವರನ್ನು ಕರೆದಿದ್ದೇನೆ, ಸಾಂತ್ರಾ ಬಾಬುವನ್ನೂ ಕರೆದಿದ್ದೇನೆ. ಇವಳು ಯಾರು ಎಂದು ಅಪ್ಪ ಎಲ್ಲರ ಮುಂದೆ ನಿಮ್ಮನ್ನು ಕೇಳುತ್ತಾರೆ. ಕ್ಷಮೆ ಬೇಡ, ವಿವರಣೆ ಬೇಡ. ಹೆಸರು ಹೇಳಿದರೆ ಸಾಕು. ಅಲ್ಲಿಗೆ ಎಲ್ಲವನ್ನೂ ಮರೆಯುತ್ತೇನೆ.

ತರಂಗಿಣಿ ಗುಹ


ಮದ್ರಾಸು ಬಂದರು
೨೭ ಫೆಬ್ರವರಿ ೧೮೮೪

ತರಂಗಿಣಿ,

ಹೊರಡುವ ಮುನ್ನವೇ ನಿನ್ನ ಪತ್ರ ಸಿಕ್ಕಿತು. ದಾರಿಯುದ್ದಕ್ಕೂ ಜೇಬಿನಲ್ಲಿತ್ತು.

ರಂಗೂನಿನಲ್ಲಿ ಬ್ಯಾರಿಸ್ಟರುಗಳಿಗೆ ಬಹಳ ಬೇಡಿಕೆಯಂತೆ. ಹಡಗಿನಲ್ಲಿ ಸಿಕ್ಕವರು ಹೇಳಿದರು. ಇಲ್ಲಿಂದಲೇ ಹಡಗು ಬದಲಿಸುತ್ತಿದ್ದೇನೆ. ನೆಲೆ ನಿಂತ ಮೇಲೆ ಅಮ್ಮನನ್ನು ಕರೆಸಿಕೊಳ್ಳುತ್ತೇನೆ. ಸಿಟ್ಟು ಇಳಿದ ಮೇಲೆ ಬರೆ.

ಅಖಿಲ


ಕಲ್ಕತ್ತ
೨೦ ಮೇ ೧೮೮೪

ಬ್ಯಾರಿಸ್ಟರ್ ಎ. ಬಿ. ರಾಹಾ ಅವರಿಗೆ, ರಂಗೂನ್

ನಿಮ್ಮ ಮದ್ರಾಸಿನ ಪತ್ರ ಬಂದದ್ದು ಹಡಗು ಬಂದ ಮೇಲೆ. ಹಾಗಾಗಿ ಅಂದು ಘಾಟಿನಲ್ಲಿ ಕೊನೆಯ ಪ್ರಯಾಣಿಕ ಇಳಿಯುವವರೆಗೂ ನಿಂತಿದ್ದೆವು. ನಿಮ್ಮ ತಾಯಿ ಡಬ್ಬಿಯ ತುಂಬ ಸಂದೇಶ್ ತಂದಿದ್ದರು. "ಒಳಗೆ ನಿದ್ದೆ ಹೋಗಿರ್ಬೇಕು, ಅವನ ನಿದ್ದೆ ನಿಂಗೊತ್ತಲ್ಲ" ಎನ್ನುತ್ತಲೇ ಇದ್ದರು. ಪತ್ರಿಕೆಯವರು ನಕ್ಕು ಹೋದರು. ಸಾಂತ್ರಾ ಬಾಬು ನಮ್ಮನ್ನು ಮೋಸಗಾರರೆಂದರು. ನಿಮ್ಮ ತಾಯಿ ರಂಗೂನಿಗೆ ಬರುವುದಿಲ್ಲವಂತೆ, ಬರೆಯಲು ಹೇಳಿದ್ದಾರೆ.

ಕಾದಂಬರಿ ಹೊರಬಂದಿದೆ. 'ದಿವಂಗತ ತರಂಗಿಣಿ ಗುಹಳ ಹೆಸರನ್ನು ಕದ್ದ ಯಾವಳೋ ಅವಳ ಮೃದುವಾದ ಶೈಲಿಯನ್ನು ಅನುಕರಿಸಲು ಹೋಗಿ ಸೋತಿದ್ದಾಳೆ' ಎಂದು ಇಲ್ಲಿನ ಇಂಗ್ಲಿಷ್ ಪತ್ರಿಕೆ ಬರೆಯಿತು. ಓದಿ ಅಪ್ಪ ಊಟ ಬಿಟ್ಟರು. ನಾನು ಉಂಡೆ. ಬೈಯುವುದಕ್ಕಾದರೂ ಪುಸ್ತಕವನ್ನು ಜನ ಕೊನೆಯವರೆಗೆ ಓದುತ್ತಿದ್ದಾರೆ.

ನಿಮಗೊಂದು ಪ್ರತಿ ಕಳಿಸಿದ್ದೇನೆ. ನೀವು ಬೇಡವೆಂದಿದ್ದ ಕೊನೆಯ ಮೂರು ಅಧ್ಯಾಯ ಅದರಲ್ಲಿವೆ. ಕಥೆ ನಮ್ಮಂಥದೇ ಒಂದು ಮನೆಯದು. ಆ ಮನೆಯ ಎರ‍ಡನೆಯ ಮಗ ಲಂಡನ್ನಿಗೆ ಓದಲು ಹೋಗುತ್ತಾನೆ, ಅಲ್ಲಿ ತಂಗಿಯನ್ನು ಸತ್ತಳೆಂದು ಹೇಳುತ್ತಾನೆ. ಮೊದಲ ಕರಡಿನಲ್ಲಿ ಅವನು ವಾಪಸು ಬರುವಾಗ ಹಡಗಿನಲ್ಲಿ ಕಾಲರಾ ತಗಲಿ ಸಾಯುತ್ತಿದ್ದ. ಬರೆಯುವಾಗ ನನಗೆ ಬಹಳ ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಅಪ್ಪ ಓದಿ, "ಬೇಡ ತರೂ. ಸತ್ತರೆ ಇವನನ್ನೂ ಎಲ್ಲಾರೂ ಹೊಗಳ್ತಾರೆ" ಎಂದರು.

ಹಾಗಾಗಿ ಬದುಕಿಸಿದ್ದೇನೆ. ಕೊನೆಯ ಪುಟದಲ್ಲಿ ಅವನು ಕರಿಯ ಗೌನು ತೊಟ್ಟು, ಗಟ್ಟಿಮುಟ್ಟಾಗಿ, ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದಾನೆ. ಅಪ್ಪನ ಹೆಸರನ್ನೂ ಮಾಶಿಯ ಹೆಸರನ್ನೂ ಓಣಿಯವರೆಲ್ಲರ ಹೆಸರನ್ನೂ ಬದಲಿಸಿದ್ದೇನೆ. ನಿಮ್ಮದನ್ನು ಬದಲಿಸಿಲ್ಲ. ರಂಗೂನಿನ ಕೋರ್ಟಿನ ಪುಸ್ತಕಾಲಯಕ್ಕೆ ಎರಡು ಪ್ರತಿ ಬೇರೆಯಾಗಿ ಕಳಿಸಿದ್ದೇನೆ.

ತರಂಗಿಣಿ ಗುಹ